ಮೂರು ಕಡೆಯೂ ಒಂದೇ

"ರಾಯಚೂರಾಗ ಇಲ್ಲ, ದೇವದುರ್ಗದಾಗ ಇಲ್ಲ, ನಿನ್ನ ಮಾನ್ವಿಯಾಗೂ ಇಲ್ಲ! ಏನ್ ಮಣ್ಣು ತಿಂದು ಅಳಿಸಿದಿ ಲೇ ಜಹೀರ್?"

ಮೌನೇಶನ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದವರು ರಾಯಚೂರಿನ ಸ್ಟುಡಿಯೋದ ಒಳಗೆ ಇಣುಕಿದರು. ಮಾನ್ವಿ ಅಂಗಡಿ ನೋಡಿಕೊಳ್ಳುತ್ತಿದ್ದ ಜಹೀರ್ ಅಲ್ಲಿನ ಕಂಪ್ಯೂಟರನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಈಗ ಅದು ಮೇಜಿನ ಮೇಲೆ ಗುಂಯ್‌ಗುಡುತ್ತಿತ್ತು. ಟವೆಲ್ಲು ಅವನ ಹೆಗಲಲ್ಲೇ ಉಳಿದಿತ್ತು.

ಪಾಸ್‌ಪೋರ್ಟ್ ಫೋಟೋ ತೆಗೆಯುವ ಸ್ಟೂಲಿನ ಮೇಲೆ ಜಾಲಹಳ್ಳಿಯ ನೀಲಗಂಗಮ್ಮ ಕೂತಿದ್ದಳು. ಬೆನ್ನ ಹಿಂದೆ ಬಿಳಿ ಪರದೆ, ತೊಡೆಯ ಮೇಲೆ ಮಗ ಪಂಪಾಪತಿಯ ಆಧಾರ್ ಕಾರ್ಡು. ಅವನು ಹೊಳೆಯಲ್ಲಿ ಮುಳುಗಿ ಸತ್ತಾಗ ಫೋನೂ ಜೇಬಿನಲ್ಲೇ ಹೋಗಿತ್ತು.

"ಇದರಾಗ ಕಳ್ಳನಂಗ ಕಾಣ್ತಾನ್ರಿ ಯಪ್ಪಾ," ಎಂದು ಕಾರ್ಡು ತೋರಿಸಿದಳು. "ದೇವದುರ್ಗದ ನಿಮ್ಮ ಅಂಗಡ್ಯಾಗ ನಕ್ಕೋಂತ ನಿಂತು ಫೋಟೋ ತೆಗಸಿಕೊಂಡಿದ್ದ. ಗೆಳೆಯನ ಕರಿ ಚಷ್ಮಾ ಹಾಕ್ಕೊಂಡು. ಅದ ಬೇಕು. ನಾಡಿದ್ದು ದಿನದ ಕಾರ್ಯ. ಯಾರ ಮುಂದ ಎಡಿ ಇಡ್ಲಿ?"

ಹೋದ ವರ್ಷ ಮೌನೇಶನೇ ತನ್ನ ಮೂರೂ ಅಂಗಡಿಗಳ ಕಂಪ್ಯೂಟರುಗಳನ್ನು ನೆಟ್ಟಿನಲ್ಲಿ ಜೋಡಿಸಿದ್ದ. ದೇವದುರ್ಗದಲ್ಲಿ ತೆಗೆದ ಫೋಟೋ ತಾನಾಗಿಯೇ ರಾಯಚೂರಿಗೂ ಮಾನ್ವಿಗೂ ಬಂದು ಕೂರುತ್ತಿತ್ತು. ಬೇರೆ ಡಿಸ್ಕಿನಲ್ಲಿ ಒಂದು ನಕಲು ಇಡೋಣ ಎಂದಿದ್ದ ಜಹೀರನನ್ನು ಗೇಲಿ ಮಾಡಿದ್ದ: "ಮೂರೂರಾಗ ಇಟ್ಟಿದ್ದು ಎಲ್ಲಿ ಹೋಗ್ತದಲೇ?" ಒಂದು ಕಡೆ ತುಂಬಿದ್ದು ಮೂರು ಕಡೆ ತುಂಬುವ ಹಾಗೆ, ಒಂದು ಕಡೆ ಅಳಿಸಿದ್ದು ಮೂರು ಕಡೆಯೂ ಅಳಿಯುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ.

"ಬಾಯಿ ಬಿಡು. ಅಳಿಸು ಅಂತ ಯಾರು ಹೇಳಿದ್ರು?"

ಜಹೀರ್ ತಲೆ ಎತ್ತಿದ. "ನೀವ, ಅಣ್ಣಾ. ಜಾಗ ಇಲ್ಲ, ಮಶೀನು ನಿಂತ್ ನಿಂತ್ ಹೊಂಟದ ಅಂತ ಫೋನ್ ಹಚ್ಚಿದ್ನಿ. ಮದ್ವಿ ಶೂಟಿಂಗಿನಾಗ ಇದ್ರಿ. 'ಹಳೇವು ಅಳಸು, ಕಸದ ಬುಟ್ಟಿನೂ ಖಾಲಿ ಮಾಡು, ಉಳಿದೆರಡು ಕಡಿ ಇದ್ದೇ ಇರ್ತಾವ' ಅಂದ್ರಿ."

ಬ್ಯಾಂಡಿನ ಸದ್ದು, ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದ ಫೋನು, ಹೂಂ ಹೂಂ ಎಂದದ್ದು, ಎಲ್ಲವೂ ಮೌನೇಶನಿಗೆ ನೆನಪಾಯಿತು. ನೀಲಗಂಗಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

"ಸುಳ್ಳು," ಎಂದ ಮೌನೇಶ. "ನಾ ಹಂಗ ಹೇಳೇ ಇಲ್ಲ. ತಾ ಮಾಡಿದ್ದು ನನ್ನ ಮ್ಯಾಲ ಹಾಕಾಕತ್ತಾನ ನೋಡಬೇ ಯವ್ವಾ."

ಜಹೀರ್ ಹೆಗಲಿನ ಟವೆಲ್ಲನ್ನು ಮಡಚಿ ಕಂಪ್ಯೂಟರಿನ ಮೇಲಿಟ್ಟ. ಅದರ ಮೇಲೆ ಮಾನ್ವಿ ಅಂಗಡಿಯ ಕೀಲಿ ಇಟ್ಟ. ನೀಲಗಂಗಮ್ಮನ ಮುಂದೆ ಒಂದು ಗಳಿಗೆ ನಿಂತ. ಆಮೇಲೆ ಮೆಟ್ಟಿಲಿಳಿದು ಹೊರಟುಹೋದ.

"ಫೋಟೋ ತರಾಕ ಹೋದ್ನೇನ್ರಿ?" ಎಂದಳು ಮುದುಕಿ.

ಮೌನೇಶ ಕಂಪ್ಯೂಟರಿನ ಪರದೆಯತ್ತ ತಿರುಗಿದ. ಖಾಲಿ ಫೋಲ್ಡರಿನ ಪಕ್ಕದಲ್ಲಿ ಹಸಿರು ಗುರುತು: ಮೂರು ಕಡೆಯೂ ಸರಿಹೊಂದಿದೆ.

"ಬರ್ಲಿ ತೊಗೋರಿ, ಕುಂದರ್ತೀನಿ," ಎಂದು ಅವಳು ಸ್ಟೂಲನ್ನು ಗೋಡೆಗೆ ಸರಿಸಿಕೊಂಡಳು. ಬರುವವನಿಗೆ ದಾರಿಯಾಗಲೆಂದು ಕಾಲನ್ನೂ ಒಳಗೆ ಎಳೆದುಕೊಂಡಳು.

ಶಟರ್ ಎಳೆಯುವ ಹೊತ್ತಾಗುವವರೆಗೂ ಹಾಗೆಯೇ ಬಾಗಿಲು ನೋಡುತ್ತ ಕೂತಿದ್ದಳು.