ಎಡಗಡೆಯ ಅಂಚು

ಪ್ರದರ್ಶನಗಳ ಕಾಲ ಬಂತೆಂದರೆ ಚೌಕಟ್ಟಿನ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. ಕಾಲೇಜುಗಳಿಂದಲೇ ಉಣ್ಣುವ ಊರು ಅದು. ಚಿತ್ರಕಲಾ ಕಾಲೇಜಿನ ಗ್ಯಾಲರಿಯಲ್ಲಿ ವಿದ್ಯಾರ್ಥಿಗಳ ಚಿತ್ರಗಳು, ವಿಜ್ಞಾನ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಕಲ್ಲು, ಮೂಳೆ, ಹೊಟ್ಟೆಗೆ ಹುಲ್ಲು ತುಂಬಿದ ಹಕ್ಕಿಗಳು, ಪುರಸಭೆಯ ಹಳೇ ಕಟ್ಟಡದಲ್ಲಿ ನಕ್ಷೆಗಳು, ಮಾಸಿದ ಫೋಟೋಗಳು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಶುರು. ಕೈಕಟ್ಟಿಕೊಂಡು ನೋಡುತ್ತ ನಡೆಯುವವರಿಗೆ, ಗೋಡೆಯ ಮೇಲಿರುವ ಮುಕ್ಕಾಲು ಪಾಲು ಚಿತ್ರಗಳು ಹಿಂದಿನ ವಾರ ಈ ಅಂಗಡಿಯ ಬೆಂಚಿನ ಮೇಲೆ ಅಂಗಾತ ಮಲಗಿದ್ದವು ಎಂಬುದು ಹೊಳೆಯುತ್ತಿರಲಿಲ್ಲ. ಹೊಳೆಯಬಾರದು ಅನ್ನುವುದೇ ಅಪ್ಪನ ಹಟ.

"ನೋಡೋರ ಕಣ್ಣಿಗೆ ಚೌಕಟ್ಟು ಬಿತ್ತು ಅಂದ್ರೆ ನಮ್ಮ ಕೆಲಸ ಕೆಟ್ಟಿತು ಅಂತಲೇ ಅರ್ಥ" ಅನ್ನುತ್ತಿದ್ದ.

ಅಂಗಡಿಯಲ್ಲಿ ಮೂವರು. ಅಪ್ಪ ಮರ ಕೊಯ್ದು ಚೌಕಟ್ಟು ಕೂಡಿಸಿ, ದಪ್ಪ ಬಿಳಿ ಬೋರ್ಡಿನಲ್ಲಿ ಚಿತ್ರಕ್ಕೆ ತಕ್ಕ ಕಿಟಕಿ ಕತ್ತರಿಸುತ್ತಿದ್ದ. ಅಮ್ಮನ ತಮ್ಮ, ಅಂದರೆ ಹುಡುಗಿಯ ಮಾವ, ಮುಗಿದದ್ದನ್ನು ಹೊತ್ತೊಯ್ದು ಏಣಿ ಹತ್ತಿ ಗೋಡೆಗೆ ಏರಿಸುತ್ತಿದ್ದ. ಹುಡುಗಿಯ ಪಾಲಿಗೆ ಬಂದದ್ದು ಹಾಳೆ ಚೊಕ್ಕ ಮಾಡುವ ಕೆಲಸ. ಬರೆಯುವವರು ಹಾಳೆಯ ಅಂಚಿನಲ್ಲಿ ಏನೆಲ್ಲ ಬಿಟ್ಟಿರುತ್ತಾರೆ! ಚಹಾ ಲೋಟದ ಉಂಗುರ, ಬೆರಳ ಮಸಿ, ಬೆವರಿನ ಕಲೆ. ಕಣಕದ ಹಾಗೆ ನಾದಿಕೊಳ್ಳಬಹುದಾದ ಮೆತ್ತನೆ ರಬ್ಬರಿನಿಂದ ಅವನ್ನು ಒತ್ತಿ ಒತ್ತಿ ಎತ್ತಬೇಕು. ಉಜ್ಜಿದರೆ ಕೆಟ್ಟಿತು, ಹಾಳೆಯ ಮೈ ಏಳುತ್ತದೆ. ಏಳನೇ ತರಗತಿಗೇ ಶಾಲೆ ಬಿಟ್ಟವಳು ಅವಳು. ಎದ್ದು ನಿಂತು ಓದು ಅಂದರೆ ಅಲ್ಲಿ ಪುಸ್ತಕದ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದಳು. ಇಲ್ಲಿ ಯಾರೂ ಓದು ಅನ್ನುತ್ತಿರಲಿಲ್ಲ. ಗಿರಾಕಿ ಒಳಗೆ ಬಂದರೆ ಬೆಂಚಿನ ಮೇಲೆ ಇನ್ನಷ್ಟು ಬಾಗಿದರಾಯಿತು.

"ಮೌನಗೌರಿ, ನಿನ್ನ ರಬ್ಬರು ಊರಿನ ಕೊಳೆಯೆಲ್ಲ ತಿಂದು ನನ್ನ ಹಾಗೇ ಕೊಬ್ಬಿದೆಯಲ್ಲೇ" ಅಂತ ಮಾವ ರೇಗಿಸುತ್ತಿದ್ದ. ಅವಳು ತುಟಿ ಬಿಚ್ಚದೆ ನಗುತ್ತಿದ್ದಳು.

ಈ ಸಲ ಚಿತ್ರಕಲಾ ಕಾಲೇಜಿನ ಮೇಡಂ ತಾವೇ ಬಂದರು. ಎದೆಗೆ ಅವಚಿಕೊಂಡು ತಂದ ದಪ್ಪ ಫೈಲನ್ನು ಬೆಂಚಿನ ಮೇಲೆ ಇಡಲು ಹಿಂದೆಮುಂದೆ ನೋಡುತ್ತ ನಿಂತರು. ಅಪ್ಪ ಬಟ್ಟೆ ತೆಗೆದುಕೊಂಡು ಬೆಂಚನ್ನು ಎರಡು ಸಲ ಒರೆಸಿದ.

"ಒಳಗಿನ ಕೋಣೆ ಪೂರ್ತಿ ಅವನ ಚಿತ್ರಗಳಿಗೇ ಅಂತ ನಿರ್ಧಾರ ಮಾಡಿದ್ದೀವಿ" ಅಂದರು ಮೇಡಂ. "ಬೇರೆ ಅಂಗಡಿಗೆ ಕೊಡೋಣ ಅಂತಲೂ ಅಂದ್ಕೊಂಡೆ. ನಿಮಗೆ ಕಷ್ಟ ಆಗಬಹುದು ಅಂತ."

"ಯಾವತ್ತಿಗೆ ಬೇಕು?" ಅಂದ ಅಪ್ಪ. ಎಲ್ಲರನ್ನೂ ಕೇಳುವ ಹಾಗೇ ಕೇಳಿದ.

ಅವು ಅಣ್ಣನ ಚಿತ್ರಗಳು. ಅಣ್ಣ ಆ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದ. ಜ್ವರ ಅಂತ ಆಸ್ಪತ್ರೆಗೆ ನಡೆದುಕೊಂಡೇ ಹೋದವನು ತಿರುಗಿ ಬರಲಿಲ್ಲ. ಆ ವರ್ಷವೆಲ್ಲ ಅವನು ವಿಜ್ಞಾನ ಕಾಲೇಜಿನ ಮ್ಯೂಸಿಯಮ್ಮಿನಲ್ಲಿ ಕೂತು, ಗಾಜಿನ ಪೆಟ್ಟಿಗೆಯೊಳಗಿನ ಹಕ್ಕಿಗಳನ್ನೂ ಅವುಗಳ ಮುಂದೆ ನಿಲ್ಲುವ ಜನರನ್ನೂ ಇದ್ದಿಲಿನಲ್ಲಿ ಬರೆದಿದ್ದ. ಅಮ್ಮನನ್ನು ಅಲ್ಲಿಗೆ ಕರೆದು ಕರೆದು ಸೋತಿದ್ದ. "ಸತ್ತ ಹಕ್ಕಿ ನೋಡೋಕೆ ನಾನ್ಯಾಕೆ ಬರ್ಲೋ? ನೀನೇ ನೋಡಿ ಬಂದು ಹೇಳು" ಅನ್ನುತ್ತಿದ್ದಳು ಅಮ್ಮ.

ಅಪ್ಪ ಫೈಲಿನ ಮೇಲಿದ್ದ ಮೊದಲ ಹಾಳೆಯನ್ನು ತಾನು ಇಟ್ಟುಕೊಂಡು ಉಳಿದದ್ದನ್ನು ಮಗಳ ಕಡೆ ಸರಿಸಿದ. ಮಾವ ಮೊಳೆಗಳ ಡಬ್ಬಿ ಎತ್ತಿಕೊಂಡು ಹೊರಗೆ ಹೋದ.

ಹುಡುಗಿ ಕೈ ತೊಳೆದುಕೊಂಡು ಬಂದು ಕೂತಳು. ಊರಿನವರ ಹಾಳೆಗಳನ್ನೆಲ್ಲ ಚೊಕ್ಕ ಮಾಡಿದ್ದಾಳೆ, ಅಣ್ಣನದು ಅವೆಲ್ಲಕ್ಕಿಂತ ಚೊಕ್ಕ ಇರಬೇಕು. ಚಿತ್ರವನ್ನು ನೋಡಿದರೆ ಕಣ್ಣು ಮಂಜಾಗುತ್ತಿತ್ತು. ಅದಕ್ಕೇ ಅಂಚನ್ನಷ್ಟೇ ನೋಡಿದಳು. ಅಂಚು ಕೊಳೆಯಾಗಿತ್ತು. ಅಣ್ಣ ನೆರಳನ್ನೆಲ್ಲ ಎಡಗೈಯ ಹೆಬ್ಬೆರಳಿನಿಂದ ತೀಡುತ್ತಿದ್ದ, ಮತ್ತೆ ಅದೇ ಹೆಬ್ಬೆರಳಿನಿಂದ ಹಾಳೆ ಅದುಮಿ ಹಿಡಿಯುತ್ತಿದ್ದ. ಪ್ರತಿ ಹಾಳೆಯಲ್ಲೂ ಎಡಗಡೆಯ ಅಂಚಿನಲ್ಲಿ, ಕೆಳಮೂಲೆಯ ಹತ್ತಿರ, ಕಪ್ಪಗೆ ಒಂದು ಒತ್ತು. ಒತ್ತಿದಳು, ಎತ್ತಿದಳು, ರಬ್ಬರು ನಾದಿದಳು, ಮತ್ತೆ ಒತ್ತಿದಳು. ಕೈಗೆ ಕೆಲಸ ಗೊತ್ತಿತ್ತು, ಮನಸ್ಸನ್ನು ಕೇಳಲಿಲ್ಲ. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಫೈಲಿನ ಹಾಳೆಗಳೆಲ್ಲ ಆಗಷ್ಟೇ ಗಿರಣಿಯಿಂದ ಬಂದ ಹಾಗೆ ಬಿಳಿಯಂಚಿನಲ್ಲಿ ಹೊಳೆಯುತ್ತಿದ್ದವು.

ಅಮ್ಮ ಊಟದ ಡಬ್ಬಿ ಹಿಡಿದುಕೊಂಡು ಬಂದದ್ದು ಆಗ. ದಿನಾ ಹೊಸ್ತಿಲ ಬಳಿ ಡಬ್ಬಿ ಇಟ್ಟು ಹೋಗುವವಳು ಅವತ್ತು ಒಳಗೆ ಬಂದಳು.

"ತೋರಿಸು."

ಹುಡುಗಿ ಮೇಲಿನ ಹಾಳೆ ಎತ್ತಿ ಅವಳ ಮುಂದಿಟ್ಟಳು. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿದಳು. ಚಿತ್ರದಲ್ಲಿ ಗೂಬೆಯಿತ್ತು, ಗೂಬೆಯ ಪಕ್ಕದಲ್ಲಿ ತೂಕಡಿಸುವ ಕಾವಲುಗಾರನಿದ್ದ. ಅಮ್ಮನ ಕಣ್ಣು ಎರಡನ್ನೂ ಮುಟ್ಟಲಿಲ್ಲ. ಕೆಳಗಿನ ಮೂಲೆಗೆ ಹೋಯಿತು, ಅಲ್ಲೇ ತಡಕಾಡಿತು. ಇನ್ನೊಂದು ಹಾಳೆ ನೋಡಿದಳು. ಮತ್ತೊಂದು.

"ಅವನ ಬೆರಳೆಲ್ಲಿ?"

ಹುಡುಗಿಗೆ ತಿಳಿಯಲಿಲ್ಲ. "ಅಂಚು ಚೊಕ್ಕ ಮಾಡಿದೆ, ಅಮ್ಮ" ಅಂದಳು.

ಅಮ್ಮ ಸ್ಟೂಲಿನ ಮೇಲೆ ಕೂತಳು. "ಚಿತ್ರ ನನಗೇನು ತಿಳಿಯುತ್ತೆ? ಅವನು ಹಾಳೆ ತಂದು ತೋರಿಸಿದಾಗೆಲ್ಲ ನಾನು ನೋಡ್ತಿದ್ದದ್ದು ಆ ಮಸಿ ಮೂಲೇನೇ. ಎಲ್ಲಿಟ್ಟೆ ಕೈನ, ಎಲ್ಲಿ ಒರೆಸಿದೆ ಅಂತ." ಹಾಳೆಯ ಬಿಳಿ ಮೂಲೆಯನ್ನು ಮತ್ತೊಮ್ಮೆ ನೋಡಿ ಹೇಳಿದಳು, "ಅವನು ಹೋದ ಮೇಲೆ ಒಂದೇ ಸಮನೆ ಮನೆ ತೊಳೆದೆ. ಬಟ್ಟೆ, ಗೋಡೆ, ಬಾಗಿಲು. ಸುಮ್ಮನೆ ಕೂರೋಕಾಗದೆ ತೊಳೆದೆ. ಎಲ್ಲ ಮುಗಿದ ಮೇಲೆ ಗೊತ್ತಾಯ್ತು ಏನು ತೊಳೆದೆ ಅಂತ. ಹಾಳೆ ಮೇಲಾದ್ರೂ ಉಳಿದಿರುತ್ತೆ ಅಂದ್ಕೊಂಡಿದ್ದೆ."

ಹುಡುಗಿಯ ಕೈಯಲ್ಲಿ ರಬ್ಬರಿತ್ತು. ಕಪ್ಪಾಗಿ, ಮೆತ್ತಗೆ, ಅಣ್ಣನ ಬೆರಳೆಲ್ಲ ಅದರೊಳಗೆ ಒಂದಾಗಿ ಕಲಸಿಹೋಗಿತ್ತು. ಅದನ್ನು ಎಲ್ಲಿಡಬೇಕೋ ತಿಳಿಯದೆ ಹಿಡಿದೇ ನಿಂತಳು.

"ನಿನ್ನ ತಪ್ಪಲ್ಲ ಬಿಡು. ನನ್ನ ಮಗಳಲ್ವಾ ನೀನು" ಅಂದಳು ಅಮ್ಮ. ಬೈದಿದ್ದರೆ ವಾಸಿಯಿತ್ತು. ಹೋಗುವಾಗ ಬಾಗಿಲಲ್ಲಿ ತಿರುಗಿ, "ಪ್ರದರ್ಶನಕ್ಕೆ ನೀವು ಹೋಗಿ ಬನ್ನಿ. ನನಗೇನಿದೆ ಅಲ್ಲಿ" ಅಂದಳು.

ಬರುತ್ತೇನೆ ಅಂತ ಅವಳು ಒಪ್ಪಿದ್ದೇ ಹೆಚ್ಚು. ಮನೆಯಲ್ಲಿ ಅಣ್ಣನ ಸುದ್ದಿ ಎತ್ತಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದವಳು, ಮೇಡಂ ಬಂದು ಹೋದ ಸಂಜೆ ತಾನಾಗಿಯೇ, ಯಾವ ಬಟ್ಟೆ ಉಡಲಿ ಅಂತ ಕೇಳಿದ್ದಳು. ಈಗ ಅದೂ ಹೋಯಿತು. ಇನ್ನೊಂದು ಸಲ ಈ ಬಾಗಿಲು ಮುಚ್ಚಿಕೊಂಡರೆ ತೆರೆಯುವುದಿಲ್ಲ ಅಂತ ಹುಡುಗಿಗೆ ಗೊತ್ತಿತ್ತು. ಅಮ್ಮನನ್ನು ತಾನು ಹುಟ್ಟಿದಾಗಿನಿಂದ ಅವಳು ನೋಡುತ್ತ ಬಂದಿದ್ದಳು.

ಮರುದಿನ ಅಪ್ಪನಿಗಿಂತ ಮೊದಲೇ ಅಂಗಡಿಗೆ ಬಂದು ಹಾಳೆಗಳನ್ನೆಲ್ಲ ಬೆಳಕಿಗೆ ಹಿಡಿದು ಹಿಡಿದು ನೋಡಿದಳು. ತನ್ನ ಕೆಲಸದಲ್ಲಿ ಕೊರತೆ ಸಿಗಲಿ ಅಂತ ಮೊದಲ ಸಲ ಹುಡುಕಿದಳು. ಸಿಗಲಿಲ್ಲ. ಆಗ ನೆನಪಾಯಿತು: ಒಂದು ಹಾಳೆ ಅವಳ ಕೈಗೆ ಬಂದೇ ಇರಲಿಲ್ಲ. ಅಪ್ಪ ತೆಗೆದಿಟ್ಟುಕೊಂಡದ್ದು. ಅದು ಆಗಲೇ ಚೌಕಟ್ಟಿನೊಳಗೆ ಕೂತು, ಬೆನ್ನಿಗೆ ಕಂದು ಟೇಪು ಅಂಟಿಸಿಕೊಂಡು, ಮುಖ ಗೋಡೆಗೆ ಮಾಡಿ ಅಪ್ಪನ ಜಾಗದ ಹಿಂದೆ ನಿಂತಿತ್ತು. ತಿರುಗಿಸಿ ನೋಡಿದಳು. ಒಂಟಿಕಾಲಿನ ಕೊಕ್ಕರೆ. ಬೋರ್ಡಿನ ಬಿಳಿ ಕಿಟಕಿ ಚಿತ್ರದ ನಾಲ್ಕೂ ಅಂಚನ್ನು ಅಚ್ಚುಕಟ್ಟಾಗಿ ಮುಚ್ಚಿತ್ತು.

"ಅದನ್ನ ಬಿಚ್ಚಬೇಡ" ಅಂದ ಅಪ್ಪ ಬಾಗಿಲಲ್ಲಿ ನಿಂತು. ಮಾವ ಅವನ ಹಿಂದಿದ್ದ.

"ಅಪ್ಪಾ, ಇದನ್ನ ಚೊಕ್ಕ ಮಾಡಿದ್ದು ಯಾರು?"

ಅಪ್ಪ ಕೊಡೆಯನ್ನು ಮೂಲೆಗಿಟ್ಟ. ಮತ್ತೆ ಎತ್ತಿ ಇನ್ನೊಂದು ಮೂಲೆಗಿಟ್ಟ. "ಯಾರೂ ಮಾಡಿಲ್ಲ. ರಬ್ಬರು ಹಿಡ್ಕೊಂಡು ಕೂತೆ. ಆಗ್ಲಿಲ್ಲ. ಹಾಗೇ ಮುಚ್ಚಿಬಿಟ್ಟೆ. ಕೆಳಗಿದೆ ಅಂತ ನನಗೊಬ್ಬನಿಗೆ ಗೊತ್ತಿದ್ರೆ ಸಾಕು ಅನ್ನಿಸ್ತು. ನಿನ್ನ ಕೈಗೆ ಉಳಿದವನ್ನ ಯಾಕೆ ಕೊಟ್ಟೆ ಅಂತ ಮಾತ್ರ ಕೇಳ್ಬೇಡ. ನೀನೂ ಅಳಿಸಲ್ಲ ಅಂದ್ಕೊಂಡೆನೋ, ನೀನೇ ಅಳಿಸ್ಲಿ ಅಂದ್ಕೊಂಡೆನೋ, ನನಗೇ ಗೊತ್ತಿಲ್ಲ."

ಮಾವನ ಮುಖ ಅರಳಿತು. "ಹಾಗಾದ್ರೆ ಇನ್ನೇನು ಬಾವ! ಈಗಲೇ ಬಿಚ್ಚಿ ಮನೆಗೆ ತಗೊಂಡು ಹೋಗಿ ಅಕ್ಕನಿಗೆ ತೋರಿಸಿ ಬರೋಣ. ಆಮೇಲೆ ಮತ್ತೆ ಮುಚ್ಚಿದ್ರಾಯ್ತು."

ಅಪ್ಪ ಚೂರಿಗೆ ಕೈ ಹಾಕಿದ.

"ಬೇಡ" ಅಂದಳು ಹುಡುಗಿ.

ಇಬ್ಬರೂ ತಿರುಗಿ ನೋಡಿದರು. ಅವಳ ಕಿವಿ ಕೆಂಪಾದವು. ಆದರೂ ಹೇಳಿದಳು. "ಮನೇಲಿ ತೋರಿಸಿದ್ರೆ ಅಮ್ಮ ಬೆರಳು ನೋಡಿ ಒಳಗೆ ಹೋಗ್ತಾಳೆ. ಅಲ್ಲಿಗೆ ಮುಗೀತು. ಅಣ್ಣ ಬಾ ಬಾ ಅಂತ ಎಷ್ಟು ಕರೆದ. ಗೋಡೆ ಮೇಲಿದ್ರೆ ಬರ್ತಾಳೆ. ಬಂದ್ರೆ ಉಳಿದದ್ದನ್ನೂ ನೋಡ್ತಾಳೆ. ಕಿಟಕಿಯನ್ನ ಅಷ್ಟು ಅಗಲ ಕತ್ತರಿಸಿ ಅಪ್ಪಾ. ಬೆರಳು ಕಾಣೋ ಹಾಗೆ."

"ನಮ್ಮ ಮೌನಗೌರಿಗೆ ಬಾಯಿದೆ ಬಾವ" ಅಂದ ಮಾವ. ಆಮೇಲೆ ಚೌಕಟ್ಟನ್ನು ನೋಡಿ ತಲೆ ಕೆರೆದುಕೊಂಡ. "ಆದ್ರೆ ಬಲಗಡೆ ಅಂಚು ಹರಿದಿದೆ ಅಂದಿದ್ರಿ. ಆ ಕಡೆ ಅಗಲಿಸೋಕಾಗಲ್ಲ. ಎಡಗಡೆ ಮಾತ್ರ ಅಗಲಿಸಿದ್ರೆ ಕಿಟಕಿ ಸೊಟ್ಟ ಕೂರುತ್ತೆ. ಮೇಲ್ಬೀದಿ ಫ್ರೇಮಿನಂಗಡಿಯವನು ನೋಡಿದ್ರೆ ಊರೆಲ್ಲ ಡಂಗುರ ಹೊಡೀತಾನೆ."

ಅಪ್ಪ ಟೇಪು ಹರಿದ, ಗಾಜು ಸರಿಸಿದ, ಬಿಳಿ ಬೋರ್ಡನ್ನು ಎತ್ತಿದ. ಕೆಳಗೆ ಅದು ಇತ್ತು. ಗೆರೆ ಗೆರೆಯೂ ಎದ್ದು ಕಾಣುವ ಹೆಬ್ಬೆರಳು, ಪಕ್ಕದಲ್ಲಿ ಜಾರಿದ ಇನ್ನೊಂದು ಅರ್ಧ. ಮೂವರೂ ಉಸಿರು ಬಿಗಿಹಿಡಿದರು, ಊದಿದರೆ ಹಾರಿಹೋಗುವ ಇದ್ದಿಲ ಪುಡಿ ಅದು. ಅಪ್ಪ ಹೊಸ ಬೋರ್ಡು ತೆಗೆದುಕೊಂಡು ಪೆನ್ಸಿಲಿನಲ್ಲಿ ಗೆರೆ ಹಾಕಿದ. ಮೂರು ಕಡೆ ಎಂದಿನ ಹಾಗೆ. ಎಡಗಡೆಯ ಗೆರೆಯನ್ನು ಆಚೆ, ಇನ್ನೂ ಆಚೆ ತಳ್ಳಿದ. ಅಷ್ಟು ವರ್ಷಗಳಲ್ಲಿ ಅವನ ಕಿಟಕಿ ಕೂದಲೆಳೆಯಷ್ಟು ಆಚೀಚೆ ಆದದ್ದನ್ನು ಹುಡುಗಿ ನೋಡಿರಲಿಲ್ಲ. ಒಮ್ಮೆ ಕತ್ತರಿಸಿದ ಬೋರ್ಡನ್ನು ಮತ್ತೆ ಕೂಡಿಸಲಾಗುವುದಿಲ್ಲ. ಅಪ್ಪ ಚೂರಿಯನ್ನು ಓರೆ ಮಾಡಿ ಹಿಡಿದು ಒಂದೇ ಎಳೆತಕ್ಕೆ ಎಳೆದ.

ಆ ಸಂಜೆ ಅಮ್ಮನಿಗೆ ವಿಷಯ ಹೇಳಿದ್ದೂ ಹುಡುಗಿಯೇ. "ಒಂದರಲ್ಲಿ ಉಳಿದಿದೆ ಅಮ್ಮ. ಅಪ್ಪ ಅಳಿಸಿರಲಿಲ್ಲ."

ಅಮ್ಮನ ಕೈಯಲ್ಲಿದ್ದ ಪಾತ್ರೆ ನಲ್ಲಿಯ ಕೆಳಗೆ ತುಂಬಿ ಹರಿಯಿತು. "ಮನೆಗೆ ತರೋಕೇನಾಗಿತ್ತು?"

"ಗ್ಯಾಲರಿಗೆ ಹೋಯ್ತು. ಅಲ್ಲೇ ನೋಡಬೇಕು."

ಪ್ರದರ್ಶನ ಶುರುವಾದ ದಿನ ಗ್ಯಾಲರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಕೋಣೆಯಲ್ಲಿ ಈ ವರ್ಷದವರ ಬಣ್ಣ ಬಣ್ಣದ ಚಿತ್ರಗಳು, ನಗು, ಕೈಕುಲುಕಾಟ. ಒಳಕೋಣೆಗೆ ಬಂದವರು ತಾವಾಗಿ ದನಿ ತಗ್ಗಿಸುತ್ತಿದ್ದರು. ಅಪ್ಪ ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತಿದ್ದ. ಮೇಲ್ಬೀದಿಯ ಫ್ರೇಮಿನವನು ಎಲ್ಲ ನೋಡಿಕೊಂಡು ಬಂದವನು ಕೊಕ್ಕರೆಯ ಮುಂದೆ ನಿಂತು, ತಲೆ ಓರೆ ಮಾಡಿ, ಅಪ್ಪನ ಹತ್ತಿರ ಬಂದ.

"ಅದು ನಿನ್ನ ಕೈಯಿಂದ ಆದದ್ದೇ ಅಂತ ನಂಬೋಕಾಗ್ಲಿಲ್ಲ. ಜಾರಿತೇನಯ್ಯಾ?"

"ಹೂಂ. ಜಾರಿತು" ಅಂದ ಅಪ್ಪ.

ಅವನು ಇನ್ನೇನೋ ಹೇಳಲು ಬಾಯಿ ತೆರೆದವನು, ಮತ್ತೊಮ್ಮೆ ಆ ಕಡೆ ನೋಡಿದ. ಈ ಸಲ ಮೂಲೆಯನ್ನು ನೋಡಿದನೆಂದು ಕಾಣುತ್ತದೆ. ಕನ್ನಡಕ ತೆಗೆದು ಒರೆಸುತ್ತ ಹೊರಗೆ ಹೋದ.

ಅಮ್ಮ ಬಂದದ್ದು ಜನ ಕರಗುವ ಹೊತ್ತಿಗೆ. ಮಾವ ದಾರಿ ಮಾಡಿದ. ಹುಡುಗಿ ಅವಳ ಮೊಣಕೈ ಹಿಡಿದು ನೇರ ಕೊಕ್ಕರೆಯ ಬಳಿ ತಂದಳು. ಅಮ್ಮ ಬಾಗಿ ಗಾಜಿಗೆ ಮುಖ ತಾಗುವಷ್ಟು ಹತ್ತಿರ ಹೋದಳು. ಅವಳ ಉಸಿರಿಗೆ ಗಾಜು ಮಂಜಾಯಿತು, ತಿಳಿಯಾಯಿತು, ಮತ್ತೆ ಮಂಜಾಯಿತು.

"ಅಮ್ಮಾ, ಅಷ್ಟು ಹತ್ತಿರ ಹೋಗಬಾರದು. ನೆಲದ ಮೇಲಿನ ಗೆರೆಯಿಂದ ಹಿಂದೆ ನಿಲ್ಲಿ" ಅಂದ ಗ್ಯಾಲರಿಯ ಕಾವಲಿನವನು.

"ಸ್ವಲ್ಪ ತಡೀರಿ" ಅಂದಳು ಹುಡುಗಿ. ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. "ನಮ್ಮಮ್ಮ ನೋಡ್ತಿದ್ದಾಳೆ."

ಕಾವಲಿನವನು ಹಿಂದೆ ಸರಿದ. ಅಮ್ಮ ಎಷ್ಟು ಹೊತ್ತು ಹಾಗೆ ಬಾಗಿದ್ದಳೋ. ನೆಟ್ಟಗಾದಾಗ ಸೊಂಟಕ್ಕೆ ಕೈ ಕೊಟ್ಟುಕೊಂಡು ಎರಡು ಹೆಜ್ಜೆ ಹಿಂದೆ ಬಂದಳು. ಅಷ್ಟು ದೂರದಿಂದ ಮೂಲೆಯೊಂದೇ ಕಾಣುವುದಿಲ್ಲ, ಕಣ್ಣಿಗೆ ಕೊಕ್ಕರೆಯೂ ಬೀಳುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಒಂಟಿಕಾಲಿನಲ್ಲಿ ನಿಂತದ್ದು, ಪೆಟ್ಟಿಗೆಯ ಆಚೆ ಯಾರದೋ ಮಗು ತಾನೂ ಒಂದು ಕಾಲೆತ್ತಿ ನಿಂತದ್ದು.

"ಈ ಮಗು ಬೀಳುತ್ತೆ ಈಗ" ಅಂದಳು ಅಮ್ಮ.

"ಬೀಳಲ್ಲ. ಅದರ ಅಪ್ಪ ಹಿಂದಿದ್ದಾನೆ ನೋಡು, ಕೈ ಮಾತ್ರ ಕಾಣುತ್ತೆ."

"ಹೌದಲ್ಲ." ಅಮ್ಮ ಆ ಕೈಯನ್ನು ನೋಡಿದಳು. ಆಮೇಲೆ ಪಕ್ಕದ ಚಿತ್ರದ ಕಡೆ ತಿರುಗಿದಳು. ಅದರ ಅಂಚು ಬಿಳಿ ಬೋರ್ಡಿನ ಕೆಳಗೆ ಮುಚ್ಚಿಹೋಗಿತ್ತು. ಕೆಳಗೂ ಏನೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ಇದ್ಯಾವುದು, ಗೂಬೆಯಾ?"

"ಗೂಬೆ."

"ಪಕ್ಕದಲ್ಲಿ ಇವನ್ಯಾರು, ನಿದ್ದೆ ಹೊಡೀತಿರೋನು? ಇವನಿಗೆ ಸಂಬಳ ಬೇರೆ ಕೊಡ್ತಾರಾ?"

ಬಾಗಿಲ ಬಳಿ ಅಪ್ಪ ಗೋಡೆಯಿಂದ ಬೆನ್ನು ಎತ್ತಿದ. ಅಮ್ಮ ಒಂದೊಂದನ್ನೇ ಕೇಳುತ್ತ ಹೋದಳು, ಹುಡುಗಿ ಹೇಳುತ್ತ ಹೋದಳು. ಹೊತ್ತಾಯಿತೆಂದು ಕೋಣೆಯ ಕಿಟಕಿಬಾಗಿಲುಗಳನ್ನು ಮುಚ್ಚತೊಡಗಿದ್ದ ಕಾವಲಿನವನು ಇವರ ಗೋಡೆಯ ಕಡೆಯದನ್ನು ಮಾತ್ರ ಹಾಗೇ ಬಿಟ್ಟ.

"ಇನ್ನೂ ಇದೆಯಾ?" ಅಂದಳು ಅಮ್ಮ.

"ಆ ಗೋಡೆ ಪೂರ್ತಿ ಇದೆ. ಬಾ."