ಗೋಡೆಯ ಮೇಲೆ ‘ನೀನು’

ಯಾರಿಗೂ ಹೇಳಿಕೊಳ್ಳುವಂಥ ಚಿಂತೆಯಲ್ಲ, ತನ್ನಷ್ಟಕ್ಕೇ ಒಪ್ಪಿಕೊಳ್ಳಬೇಕಾದದ್ದು: ಪ್ರೊಫೆಸರ್ ಪ್ಲಾಟ್ನರ್ ಅವರನ್ನು ‘ನೀನು’ ಎನ್ನಲು ಯುಡಿತ್‌ಗೆ ಬಾಯೇ ಬರುತ್ತಿರಲಿಲ್ಲ. ಅವಳಿಗೆ ಶಾಲೆಯಲ್ಲಿ ಲ್ಯಾಟಿನ್ ಕಲಿಸಿದ ಟೀಚರಮ್ಮ; ಅಲ್ಲಿ ಶಾಲೆಯವರನ್ನೂ ಪ್ರೊಫೆಸರ್ ಎನ್ನುವುದೇ ವಾಡಿಕೆ. ಡಿಗ್ರಿ ಮುಗಿಸಿದರೂ ಅವರೆದುರು ಅವಳಿನ್ನೂ ಕೊನೆಯ ಬೆಂಚಿನವಳೇ. ಈಗ ಇಬ್ಬರಿಗೂ ಬೆನ್ನುನೋವು. ಇನ್ಸ್‌ಬ್ರುಕ್‌ನ ಒಂದೇ ಚಿಕಿತ್ಸಾಲಯ, ವ್ಯಾಯಾಮಕ್ಕೆಂದು ಹತ್ತಲು ಬಣ್ಣದ ಹಿಡಿಗಳಿರುವ ಒಂದೇ ಗೋಡೆ.

“ನಮ್ಮ ಕಡೆ ಬೆಟ್ಟ ಹತ್ತಿದ ಮೇಲೆ ಯಾರಾದ್ರೂ ‘ನೀವು’ ಅಂತಾರಾ? ಈ ಗೋಡೆನೂ ಬೆಟ್ಟವೇ,” ಎಂದು ಫಿಸಿಯೋ ವ್ರೋನಿ ಮೊದಲ ದಿನವೇ ಕಾನೂನು ಮಾಡಿದ್ದಳು. ಗೋಡೆಗೆ ಕಾಲಿಟ್ಟೊಡನೆ ಪ್ರೊಫೆಸರ್ ಬರೀ ಬುರ್ಗಿ. ಕೆಳಗೆ ನಿಂತು ದಾರಿ ಹೇಳುವ ಯುಡಿತ್ ಮಾತ್ರ ‘ನೀನು’ ‘ನೀವು’ ಎರಡನ್ನೂ ನುಂಗಿಬಿಡುತ್ತಿದ್ದಳು.

“ಎಡಗಾಲು ಹಳದಿ ಹಿಡಿಗೆ ಬರಲಿ...”

“ಯಾರ ಎಡಗಾಲು ಕಣೇ? ಪಕ್ಕದ ಮನೆಯವರದ್ದಾ?” ಬುರ್ಗಿ ಮೇಲಿನಿಂದಲೇ ಕಿಚಾಯಿಸಿದರು.

ಅಂದು ವ್ರೋನಿ ಒಪ್ಪಿದರೆ ಬುರ್ಗಿ ಭಾನುವಾರ ಗೆಳತಿಯರೊಂದಿಗೆ ಬೆಟ್ಟದ ಮೇಲಿನ ಗುಡಿಸಲಿಗೆ ನಡೆದುಹೋಗಬಹುದಿತ್ತು. ಅಲ್ಲಿ ಸಿಗುವ, ಸಕ್ಕರೆ ಉದುರಿಸಿದ ಶ್ಮಾರನ್ ಎಂಬ ಸಿಹಿದೋಸೆಯ ಚೂರುಗಳನ್ನು ನೆನೆದು ಬೆಳಗಿನಿಂದ ಬಾಯಿ ಚಪ್ಪರಿಸುತ್ತಿದ್ದರು. ಪರೀಕ್ಷೆ ಒಂದೇ: ಒಂದು ಕೈ ಬಿಟ್ಟಾಗ ಸೊಂಟ ಅಲುಗಬಾರದು, ಹೊಟ್ಟೆ ಬೆನ್ನಿನ ಒಳಸ್ನಾಯುಗಳೇ ಮೈಯನ್ನು ಹಿಡಿದಿರಬೇಕು.

ವ್ರೋನಿ ಆಚೆ ಇನ್ನೊಬ್ಬರ ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಬುರ್ಗಿ ಬಲಗೈ ಬಿಟ್ಟರು. ಯುಡಿತ್ ಕಣ್ಣಿಗೆ ಬಿದ್ದೇಬಿಟ್ಟಿತು: ಉಸಿರು ಬಿಗಿಹಿಡಿದು ಬರೀ ಎಡತೋಳಿನ ಮೇಲೆ ನೇತಾಡುತ್ತಿದ್ದಾರೆ, ಹೊಟ್ಟೆ ಹಾಯಾಗಿ ನಿದ್ದೆ ಹೋಗಿದೆ. ಈ ಬೆನ್ನು ಹೊತ್ತು ಬೆಟ್ಟ ಇಳಿದರೆ ಮತ್ತೆ ಹಾಸಿಗೆಯೇ ಗತಿ.

“ಕಾಪಿ ಹೊಡೀತಿದೀಯ!” ಬಾಯಿಂದ ಹಾರಿಯೇಹೋಯಿತು. “ಹೊಟ್ಟೆ ಒಳಗೆ ತಗೋ! ಉಸಿರು ಬಿಡು!”

ಬುರ್ಗಿ ಕಣ್ಣರಳಿಸಿದರು. ಆಮೇಲೆ ಹೋ ಎಂದು ನಕ್ಕರು. ನಗು ಹೊಟ್ಟೆಯ ಬುಡದಿಂದ ಬಂತು ನೋಡಿ, ಮಲಗಿದ್ದ ಸ್ನಾಯುಗಳೆಲ್ಲ ದಡಬಡಿಸಿ ಎದ್ದವು. ಸೊಂಟ ಗೋಡೆಗೆ ಅಂಟಿತು.

“ಕ್ಲಾಸಲ್ಲಿ ಕಾಪಿ ಹಿಡೀತಿದ್ದ ನನ್ನನ್ನೇ ಹಿಡಿದ್ಲಲ್ಲಪ್ಪ, ಈ ಮೂಗಿ!”

ಗದ್ದಲ ಕೇಳಿ ವ್ರೋನಿ ಬಂದಳು. “ಏನು ಯುಡಿತ್, ನೋಡ್ತಿದ್ದೋಳು ನೀನು, ಭಾನುವಾರ ಕಳಿಸೋಣ್ವಾ ಇವಳನ್ನ?”

ಬುರ್ಗಿ ಮೇಲಿನಿಂದ ಕಣ್ಣು ಹೊಡೆದರು, ಹೂಂ ಅನ್ನು ಎಂಬಂತೆ. ಯುಡಿತ್‌ಳ ಕಿವಿ ಬಿಸಿಯೇರಿತು. ತಲೆ ತಗ್ಗಿಸಬೇಕೆನಿಸಿತು, ತಗ್ಗಿಸಲಿಲ್ಲ.

“ಈ ಭಾನುವಾರ ಬೇಡ,” ಎಂದಳು. “ನಿನ್ನ ಬೆನ್ನಿಗೆ ಇನ್ನೂ ಶಕ್ತಿ ಬಂದಿಲ್ಲ, ಬುರ್ಗಿ. ಬಂದ ಮೇಲೆ ಹೋಗೋಣ. ನಿನ್ನ ಜೊತೆ ನನಗೂ ಬರ್ಬೇಕು ಅಂತ ಆಸೆ.”