ಬೇಲಿಯಾಚೆಯ ಹುತ್ತ

“ಇದಕ್ಕೆ ಕೊನೆ ಅನ್ನೋದೇ ಇಲ್ವಾ?”

ಬೇಲಿಯಾಚೆ, ಪುಟ್ಟಗೌರಮ್ಮನ ತೋಟದಲ್ಲಿ ಮೊಳಕಾಲೆತ್ತರ ಎದ್ದಿದ್ದ ಹೊಸ ಹುತ್ತವನ್ನು ನೋಡಿ ಲಕ್ಷ್ಮಯ್ಯ ತನಗೆ ತಾನೇ ಕೇಳಿಕೊಂಡ. ಕೈಯಲ್ಲಿ ಮೊರ, ಮೊರದಲ್ಲಿ ಅರಿಸಿನ, ಕುಂಕುಮ, ವೀಳ್ಯದೆಲೆ. ಮಗಳು ನಯನಳ ಮದುವೆ ಶಾಸ್ತ್ರಕ್ಕೆ ಹುತ್ತದ ಮಣ್ಣು ಬೇಕು. ಅವನ ಮನೆಯ ಹೆಣ್ಣುಮಕ್ಕಳ ಹಸೆಗೆಲ್ಲ ಮಣ್ಣು ಬಂದದ್ದು ಅವನದೇ ತೋಟದ ಒಂದು ಹುತ್ತದಿಂದ. ಅದನ್ನು ಹೋದ ಬೇಸಿಗೆ ಅವನೇ ಕೀಳಿಸಿದ್ದ.

ಆಳೆತ್ತರದ ಹುತ್ತ. ಪ್ರತಿ ನಾಗರಪಂಚಮಿಗೆ ಪುಟ್ಟಗೌರಮ್ಮ ಬೇಲಿ ದಾಟಿ ಬಂದು, ತಲೆಗೆ ಸೆರಗೆಳೆದು, ರಾಗವಾಗಿ ಪದ ಹೇಳಿಕೊಳ್ಳುತ್ತ ಅದಕ್ಕೆ ತನಿ ಎರೆಯುತ್ತಿದ್ದಳು. ಸಸಿ ಇಡಲು ಜಾಗವಾಗುತ್ತದೆಂದು ಲಕ್ಷ್ಮಯ್ಯ ಜೆಸಿಬಿ ಕರೆಸಿದ ದಿನ ಓಡಿಬಂದು ಅಡ್ಡ ನಿಂತಳು.

“ಬ್ಯಾಡ ಕಣಪ್ಪ, ಕೈ ಮುಗೀತೀನಿ.”

“ಗೆದ್ದಲು ಕಣಕ್ಕಾ, ದ್ಯಾವ್ರಲ್ಲ. ಅತ್ಲಾಗೆ ಸರ್ಕೊ,” ಎಂದು ನಕ್ಕಿದ್ದ.

ಮೇಲಿನದು ಒಂದೇ ಏಟಿಗೆ ಉರುಳಿತು. ಕೆಳಗಿನದು ಮುಗಿಯಲೇ ಇಲ್ಲ. ಗೂಡಿನೊಳಗೆ ಗೂಡು, ಬೂಷ್ಟು ಹಿಡಿದಂಥ ಹಗುರ ಉಂಡೆಗಳು, ತೆಂಗಿನ ಬೇರಿನಡಿ ನುಸುಳಿ ಬೇಲಿಯತ್ತ ಹೋದ ಸುರಂಗಗಳು.

“ಯಜಮಾನ್ರೇ, ಹುತ್ತ ಕೀಳ್ತಿದೀನೋ ಬಾವಿ ತೋಡ್ತಿದೀನೋ?” ಎಂದ ಡ್ರೈವರ್.

ಬಿಳಿ ಮೊಟ್ಟೆಗಳನ್ನು ಕಚ್ಚಿಕೊಂಡು ಹುಳುಗಳು ಮಣ್ಣೊಳಗೆ ನುಗ್ಗುತ್ತಿದ್ದವು. ಊರಿಗೆ ಊರೇ ಗುಳೆ ಹೊರಟಂತೆ. ಲಕ್ಷ್ಮಯ್ಯನ ನಗು ಅಲ್ಲೇ ಆರಿತು. ಆದರೂ ಸಾಕು ನಿಲ್ಲಿಸು ಎನ್ನಲಿಲ್ಲ. ಅಷ್ಟು ಮಾತಾಡಿ, ಡ್ರೈವರ್ ಎದುರು ಹೇಗೆ ಹೇಳುವುದು? ಔಷಧಿ ಸುರಿಸಿ ಗುಂಡಿ ಮುಚ್ಚಿಸಿದ. ಪುಟ್ಟಗೌರಮ್ಮ ಬೇಲಿ ಹಿಡಿದು ನೋಡುತ್ತಿದ್ದಳು.

ಈಗ ಶಾಸ್ತ್ರದ ಮಾತು ಬಂದಾಗ ಹೆಂಡತಿ ಗಂಗಲಕ್ಷ್ಮಿ ಮುಖ ತಿರುಗಿಸಿದಳು. “ಕೀಳ್ಸಿದೋರು ನೀವು, ಮೊರ ಹಿಡ್ಕಂಡು ನೀವೇ ಹೋಗಿ. ನಂಗೆ ಆ ಮುಖ ಇಲ್ಲ.”

ನನಗೂ ಇಲ್ಲ ಎನ್ನಲಾಗದೆ ಬಂದಿದ್ದ.

ಒಣಗಿದ ಗರಿ ಎಳೆಯುತ್ತಿದ್ದ ಪುಟ್ಟಗೌರಮ್ಮ ಮೊರ ಕಂಡು ಹತ್ತಿರ ಬಂದಳು. “ನಯನಂಗೆ ಮದ್ವೆಯಂತೆ. ಏನ್ ಬೇಕಪ್ಪ, ಎಳನೀರಾ? ಬಾಳೆಕಂದು ಬೇಕಾದ್ರೂ ಕಡ್ಕಂಡು ಹೋಗು.”

“ಒಂದು ಹಿಡಿ ಮಣ್ಣು, ಅಕ್ಕಾ.” ಅವನ ಕಣ್ಣು ನೆಲದ ಮೇಲೇ ಇತ್ತು. “ಇದೂ ನಮ್ಮ ಹುತ್ತದ್ದೇ ಅಲ್ವಾ, ಅಡೀಲಿ ಒಂದೇ...”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಪುಟ್ಟಗೌರಮ್ಮ ಎರಡು ಹೆಜ್ಜೆ ಹಿಂದೆ ಸರಿದು ಹುತ್ತಕ್ಕೆ ಅಡ್ಡ ನಿಂತಳು, ಅಂದು ಜೆಸಿಬಿಗೆ ನಿಂತಂತೆಯೇ.

“ಹುಡ್ಗಿ ಚೆನ್ನಾಗಿರ್ಲಿ, ಬಂದು ಅಕ್ಷತೆ ಹಾಕ್ತೀನಿ. ಇದ್ರಲ್ಲಿ ಮಾತ್ರ ಒಂದು ಚಿಟಿಕೆನೂ ಕೊಡಾಕಿಲ್ಲ ಕಣಪ್ಪ.”